ಕ್ಲೌನ್ ಮೀನಿನ ಬಿಳಿ ಚುಕ್ಕೆ: ತಾಮ್ರವೋ, ಕಡಿಮೆ ಉಪ್ಪೋ, ಬಕೆಟ್ ಬದಲಿಸೋದೋ?

ಹೈದರಾಬಾದಿನಿಂದ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದ ಕ್ಲೌನ್ ಮೀನಿನ ಜೋಡಿ ಅದು, ಸಮುದ್ರದ ಉಪ್ಪುನೀರಿನ ಮೀನು. ಆರನೇ ದಿನ ಬೆಳಿಗ್ಗೆ ಅವ್ವ ಟ್ಯಾಂಕಿನ ಮುಂದೆ ನಿಂತು, "ಮೀನಿನ ಮೈಗಿ ಉಪ್ಪು ಉದುರಿಸ್ದಂಗ ಆಗ್ಯಾದಲ್ಲೋ" ಅಂದಳು. ಇದಕ್ಕಿಂತ ಒಳ್ಳೆಯ ಗುರುತು ಇಲ್ಲ. ಬಾಲ, ರೆಕ್ಕೆಗಳ ಮೇಲೆ ಎಣಿಸಬಹುದಾದಷ್ಟು ಬಿಡಿಬಿಡಿ ಹರಳು ಕಂಡರೆ ಅದು ಇಚ್, ಕ್ರಿಪ್ಟೋಕ್ಯಾರಿಯಾನ್ ಅನ್ನೋ ಪರೋಪಜೀವಿ. ಕಲಬುರಗಿಯ ನಮ್ಮ ಮನೆಯಲ್ಲಿ ಬೇರೆ ಬೇರೆ ಸಲ ಇದಕ್ಕೆ ಮೂರು ದಾರಿ ಹಿಡಿದು ನೋಡಿದ್ದೇನೆ.

ಮೊದಲು ತಾಮ್ರ, ಅಂದ್ರೆ ನೀರಿಗೆ ಹಾಕುವ ತಾಮ್ರದ ಔಷಧಿ. ಹವಳ, ಸೀಗಡಿ ಇರುವ ಟ್ಯಾಂಕಿಗೆ ಹಾಕಿದರೆ ಅವೆಲ್ಲ ಸಾಯುತ್ತವೆ. ಹಾಗಾಗಿ ಮೀನನ್ನು ಬೇರೆ ಬರಿ ಟ್ಯಾಂಕಿಗೆ ಬಿಟ್ಟೆ. ನಾಲ್ಕೇ ದಿನಕ್ಕೆ ಚುಕ್ಕೆ ಮಾಯ. ಆದರೆ ಅಲ್ಲೇ ಮೋಸ ಹೋಗುತ್ತೇವೆ. ಔಷಧಿ ಇಲ್ಲದಿದ್ದರೂ ಆ ಪರೋಪಜೀವಿಗಳು ಮೈಯಿಂದ ಉದುರುತ್ತವೆ, ತಳದಲ್ಲಿ ಗೂಡು ಕಟ್ಟುತ್ತವೆ, ಒಂದೊಂದು ಗೂಡಿನಿಂದ ನೂರಾರು ಮರಿ ಹೊರಡುತ್ತವೆ. ಅದಕ್ಕೇ ತಿಂಗಳು ಪೂರ್ತಿ ಔಷಧಿ ಇಟ್ಟೆ. ಪ್ರಮಾಣ ಸ್ವಲ್ಪ ಇಳಿದರೆ ಕೆಲಸ ಮಾಡಲ್ಲ, ಏರಿದರೆ ಮೀನಿಗೇ ವಿಷ. ದಿನಾ ಟೆಸ್ಟ್ ಕಿಟ್ ಹಿಡಿದು ಕೂರಬೇಕು. ಮೀನು ಉಳಿದವು, ಆದರೆ ಮೊದಲ ವಾರ ಸರಿಯಾಗಿ ತಿನ್ನಲೇ ಇಲ್ಲ.

ಎರಡನೇದು ಉಪ್ಪು ಇಳಿಸೋದು, ಮೀನು ತಾಳುತ್ತೆ, ಇಚ್ ತಾಳಲ್ಲ. ನೀರಿನ ಸಾಂದ್ರತೆಯನ್ನು 1.025ರಿಂದ ಮೆಲ್ಲಗೆ 1.009ಕ್ಕೆ ತಂದೆ. ಮೀನು ಚುರುಕಾಗಿ ತಿಂದುಕೊಂಡಿದ್ದವು. ಸೋಲಿಸಿದ್ದು ನಮ್ಮೂರಿನ ಏಪ್ರಿಲ್. ನೀರು ತಣ್ಣಗಿರಲಿ ಅಂತ ಮೇಲೆ ಫ್ಯಾನ್ ಇಟ್ಟಿದ್ದೆ. ಮದುವೆಗೆಂದು ಎರಡು ದಿನ ಬೀದರಿಗೆ ಹೋಗಿ ಬರುವಷ್ಟರಲ್ಲಿ ನೀರು ಆವಿಯಾಗಿ ಸಾಂದ್ರತೆ 1.010 ದಾಟಿತ್ತು. ವಾರದಲ್ಲಿ ಚುಕ್ಕೆ ವಾಪಸ್. ಬೇಸಿಗೆಯಲ್ಲಿ ಇಲ್ಲಿ ಇದನ್ನು ನಾನು ಯಾರಿಗೂ ಹೇಳಲ್ಲ.

ನನಗೆ ಒಗ್ಗಿದ್ದು ಬಕೆಟ್ ಬದಲಿಸೋದು. 20 ಲೀಟರಿನ ಎರಡು ಬಕೆಟ್, ಎರಡು ಏರ್ ಪಂಪ್, ಅಷ್ಟೇ. ಮೂರು ದಿನಕ್ಕೊಮ್ಮೆ ಮೀನನ್ನು ಹೊಸ ನೀರಿಗೆ ಬಿಡಬೇಕು, ಒಟ್ಟು ನಾಲ್ಕು ಸಲ. ಉದುರಿದ ಹುಳ ಹಳೇ ಬಕೆಟ್ಟಿನಲ್ಲೇ ಉಳಿಯುತ್ತೆ, ಗೂಡು ಒಡೆಯೋ ಮೊದಲೇ ಮೀನು ಅಲ್ಲಿರಲ್ಲ. ಹಳೇ ಬಕೆಟ್ಟನ್ನೂ ಏರ್ ಪೈಪನ್ನೂ ತೊಳೆದು ಮಾಳಿಗೆ ಮೇಲೆ ಒಣಗಿಸುತ್ತೇನೆ. ಆ ಕೆಲಸಕ್ಕೆ ನಮ್ಮ ಬಿಸಿಲು ಹೇಳಿ ಮಾಡಿಸಿದ ಹಾಗಿದೆ! ಪ್ಲಾಸ್ಟಿಕ್ ಲೋಟದಲ್ಲಿ ಮೀನನ್ನು ಎತ್ತಿ, ನೀರನ್ನು ಬೆರಳ ಸಂದಿಯಿಂದ ಬಸಿದು, ಬರಿ ಮೀನನ್ನಷ್ಟೇ ಆಚೆ ಜಾರಿಸಬೇಕು. ಖರ್ಚು ಅಂದ್ರೆ ಉಪ್ಪು: ಲೀಟರಿಗೆ 35 ಗ್ರಾಂ ಹಿಡಿದರೆ ಸಲಕ್ಕೆ 700 ಗ್ರಾಂ. ಆದರೆ ಔಷಧಿಯ ಹೊಡೆತ ಇಲ್ಲ, 12 ದಿನಕ್ಕೆ ಮುಗೀತು.

ಇದೆಲ್ಲ ಇಚ್‌ಗೆ ಮಾತ್ರ. ಮೈಮೇಲೆ ಸಣ್ಣ ಹೊಂಬಣ್ಣದ ಧೂಳು ಕೂತಂತೆ ಕಂಡು ಮೀನು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ಅನ್ನೋ ಬೇರೆ ರೋಗ, ಅದಕ್ಕೆ ತಾಮ್ರವೇ ಸರಿ. ಇನ್ನೊಂದು ಬ್ರೂಕ್ಲಿನೆಲ್ಲಾ ಅನ್ನೋ ಪರೋಪಜೀವಿಯಿಂದ ಬರೋ ರೋಗ. ಇದು ಕ್ಲೌನ್ ಮೀನುಗಳನ್ನು ಎಷ್ಟು ಕಾಡುತ್ತೆ ಅಂದ್ರೆ, ಹೆಸರೇ ಕ್ಲೌನ್ ಮೀನಿನ ರೋಗ ಅಂತ ಬಿದ್ದಿದೆ. ಇದರಲ್ಲಿ ಚುಕ್ಕೆ ಅಲ್ಲ, ಲೋಳೆ. ಕಿತ್ತಳೆ ಬಣ್ಣದ ಮೇಲೆ ಹಾಲಿನ ಕೆನೆ ಕಟ್ಟಿದಂತೆ ಕಾಣುತ್ತೆ, ಆಮೇಲೆ ಎಳೆ ಎಳೆಯಾಗಿ ಸುಲಿಯುತ್ತೆ. ಒಂದು ಮೀನಿನಲ್ಲಿ ಇದನ್ನು ಇಚ್ ಅಂದುಕೊಂಡು ತಾಮ್ರ ಹಾಕಿದೆ. ಎರಡನೇ ರಾತ್ರಿಯೇ ಹೋಯಿತು. ಆ ತಪ್ಪು ಇನ್ನೂ ಚುಚ್ಚುತ್ತೆ.

ಮುಂದಿನ ಸಲ ಲೋಳೆ ಕಂಡ ಗಂಟೆಯಲ್ಲೇ ಫಾರ್ಮಲಿನ್ ಸ್ನಾನ ಮಾಡಿಸಿದೆ. 5 ಲೀಟರ್ ಸಮುದ್ರದ ಉಪ್ಪುನೀರಿಗೆ ಫಾರ್ಮಲಿನ್ (ಶೇಕಡಾ 37 ಫಾರ್ಮಾಲ್ಡಿಹೈಡ್ ಇರುವ ದ್ರಾವಣ) 1 ಮಿಲಿ, 45 ನಿಮಿಷ, ಏರ್ ಪಂಪ್ ಜೋರಾಗಿ. ಫಾರ್ಮಲಿನ್ ನೀರಿನ ಆಮ್ಲಜನಕ ಇಳಿಸುತ್ತೆ, ಹಾಗಾಗಿ ಪಕ್ಕದಿಂದ ಏಳಲಿಲ್ಲ. ಬಾಟಲಿ ತಳದಲ್ಲಿ ಬಿಳಿ ಗಸಿ ಕಂಡರೆ ಆ ಬಾಟಲಿ ಮುಟ್ಟಲೇಬೇಡಿ. ಕೈಗವಸು ಹಾಕಿಕೊಂಡು, ಗಾಳಿಯಾಡುವ ವರಾಂಡದಲ್ಲೇ ಮಾಡಿ. ಅದರ ಹೊಗೆ ನಮಗೂ ವಿಷ. ಈ ಮೀನು ಬದುಕಿತು.

ಇಚ್ ಬಂದಾಗ, ತಳದ ಗೂಡುಗಳಿಂದ ಹೊರಟ ಮರಿಗಳು ಮೀನು ಸಿಗದೆ ಸಾಯಲಿ ಅಂತ, ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಖಾಲಿ ಇಟ್ಟಿದ್ದೆ. 77ನೇ ದಿನ ಬಿಟ್ಟಾಗ ಜೋಡಿ ಎರಡೂ ನೆಟ್ಟಗೆ ಹಳೇ ಮೂಲೆಗೇ ಹೋಗಿ ನಿಂತವು.