ಒಬ್ಬರೇ ನಡೆಸುವ ವಕೀಲರ ಕಚೇರಿಗೆ ‘ಇ-ಕೋರ್ಟ್ಸ್ ಸರ್ವೀಸಸ್’ ಆ್ಯಪ್: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ತಾಲ್ಲೂಕು ಕೇಂದ್ರದಲ್ಲಿ ಗುಮಾಸ್ತರಾಗಲಿ ಕಿರಿಯ ವಕೀಲರಾಗಲಿ ಇಲ್ಲದೆ ಒಬ್ಬನೇ ಕಚೇರಿ ನಡೆಸುತ್ತಿರುವ ನನ್ನಂಥವರಿಗೆ ಹೊಸ ಕಕ್ಷಿದಾರರು ಬರುವುದು ಹಳೆಯ ಕಕ್ಷಿದಾರರು ಆಡುವ ಮಾತಿನಿಂದ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36ರ ಪ್ರಕಾರ ವಕೀಲರು ಜಾಹೀರಾತಿನ ಮೂಲಕವಾಗಲಿ ಮಧ್ಯವರ್ತಿಗಳ ಮೂಲಕವಾಗಲಿ ಕೆಲಸ ಕೇಳುವಂತಿಲ್ಲ. ನಾಮಫಲಕವೂ ಮಿತವಾದ ಗಾತ್ರದಲ್ಲಿರಬೇಕು, ಇಂಥದೇ ಬಗೆಯ ಪ್ರಕರಣಗಳಲ್ಲಿ ಪರಿಣತರೆಂದು ಅದರ ಮೇಲೆ ಬರೆಸುವಂತಿಲ್ಲ. 2008ರ ತಿದ್ದುಪಡಿಯ ನಂತರ ಜಾಲತಾಣ ಇಟ್ಟುಕೊಳ್ಳಲು ಅವಕಾಶವಿದೆಯಾದರೂ ಅದರಲ್ಲಿ ಹೆಸರು, ವಿಳಾಸ, ನೋಂದಣಿಯ ವಿವರ, ವಿದ್ಯಾರ್ಹತೆ, ವೃತ್ತಿಯ ಕ್ಷೇತ್ರ ಮುಂತಾದ ನಿಗದಿತ ಮಾಹಿತಿಯನ್ನಷ್ಟೇ ಹಾಕಬಹುದು. ಆದ್ದರಿಂದ ಕಚೇರಿ ಬೆಳೆಯಬೇಕಾದರೆ ಬಂದ ಕಕ್ಷಿದಾರರನ್ನು ಕತ್ತಲೆಯಲ್ಲಿಡದೆ ನಡೆಸಿಕೊಳ್ಳುವುದೊಂದೇ ದಾರಿಯೆಂದು ನಾನು ನಂಬಿದ್ದೇನೆ. ನ್ಯಾಯಾಲಯದ ಪ್ರಕರಣಗಳ ಸ್ಥಿತಿ ತೋರಿಸುವ ಈ ಉಚಿತ ಸರ್ಕಾರಿ ಆ್ಯಪನ್ನು ನಾನು ಅಳೆಯುವುದೂ ಆ ದೃಷ್ಟಿಯಿಂದಲೇ.

ಪ್ರತಿಯೊಂದು ಪ್ರಕರಣಕ್ಕೂ ಅದನ್ನು ಗುರುತಿಸುವ, ಹದಿನಾರು ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ. ಕರ್ನಾಟಕದ ಪ್ರಕರಣಗಳಲ್ಲಿ ಅದು ‘ಕೆಎ’ಯಿಂದ ಆರಂಭವಾಗುತ್ತದೆ. ಅದನ್ನು ನಮೂದಿಸಿದರೆ ಮುಂದಿನ ವಾಯಿದೆ, ಪ್ರಕರಣದ ಹಂತ, ಹಿಂದಿನ ವಾಯಿದೆಗಳ ವಿವರ ಹಾಗೂ ಅಪ್‌ಲೋಡ್ ಆಗಿರುವ ಆದೇಶಗಳು ಕಾಣುತ್ತವೆ. ಪಕ್ಷಗಾರರ ಹೆಸರು ಅಥವಾ ವಕೀಲರ ಹೆಸರಿನಿಂದಲೂ ಹುಡುಕಬಹುದು. ನನಗೆ ಹೆಚ್ಚು ಉಪಯೋಗವಾಗಿರುವುದು ‘ಮೈ ಕೇಸಸ್’ ಎಂಬ ವಿಭಾಗ. ನನ್ನ ಪ್ರಕರಣಗಳನ್ನೆಲ್ಲ ಅಲ್ಲಿ ಉಳಿಸಿಟ್ಟುಕೊಂಡು, ಸಂಜೆ ಕಚೇರಿಗೆ ಬಂದ ಮೇಲೆ ಒಮ್ಮೆ ರಿಫ್ರೆಶ್ ಮಾಡಿ, ಅಂದಿನ ಕಲಾಪದಲ್ಲಿ ಏನಾಯಿತು, ಮುಂದಿನ ದಿನಾಂಕ ಯಾವುದು, ಅಂದು ಕಕ್ಷಿದಾರರು ಹಾಜರಿರಬೇಕೇ ಬೇಡವೇ ಎಂಬುದನ್ನು ಸಂಬಂಧಪಟ್ಟವರಿಗೆ ಎರಡು ಸಾಲು ಕನ್ನಡದಲ್ಲಿ ಕಳುಹಿಸುತ್ತೇನೆ.

ಈ ಎರಡು ಸಾಲಿನ ಬೆಲೆ ದೊಡ್ಡದು. ಜಮೀನಿನ ಪಾಲಿನ ದಾವೆ ಹೂಡಿದ ರೈತರೊಬ್ಬರು ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಬಂದು, ‘ನ್ಯಾಯಾಧೀಶರು ರಜೆ, ಮುಂದಕ್ಕೆ ಹೋಯಿತು’ ಎಂಬ ಮಾತನ್ನಷ್ಟೇ ಕೇಳಿ ಹಿಂತಿರುಗುವುದು ನಮ್ಮ ನ್ಯಾಯಾಲಯಗಳ ಆವರಣದಲ್ಲಿ ದಿನವೂ ಕಾಣುವ ನೋವು. ಹಾಜರಿ ಬೇಕಿಲ್ಲದ ದಿನ ಅವರು ಬರಬೇಕಿಲ್ಲವೆಂದು ಮೊದಲೇ ತಿಳಿಸಿದರೆ ಅವರ ಹಣವೂ ಉಳಿಯುತ್ತದೆ, ವಕೀಲರ ಮೇಲಿನ ಭರವಸೆಯೂ ಗಟ್ಟಿಯಾಗುತ್ತದೆ. ಮೇಲ್ಮನವಿ ಧಾರವಾಡ ಪೀಠಕ್ಕೆ ಹೋದ ಮೇಲೂ ಅದರ ಸ್ಥಿತಿಯನ್ನು ಇದೇ ಆ್ಯಪಿನ ಹೈಕೋರ್ಟ್ ವಿಭಾಗದಲ್ಲಿ ನೋಡಿ ಹೇಳಬಹುದು.

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಕರಣ ನೋಂದಣಿಯಾದ ಕೂಡಲೇ ಸಿಎನ್‌ಆರ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಮನೆಯ ಓದಿದ ಮಕ್ಕಳಿಗೆ ಆ್ಯಪ್ ಬಳಸುವುದನ್ನು ತೋರಿಸಿಕೊಡುತ್ತೇನೆ. ಕಕ್ಷಿದಾರರಿಗೆ ಎಲ್ಲವೂ ತಿಳಿದರೆ ಪ್ರಶ್ನೆಗಳು ಹೆಚ್ಚುತ್ತವೆ ಎಂದು ಇದಕ್ಕೆ ಹಿಂಜರಿಯುವ ವೃತ್ತಿಬಾಂಧವರಿದ್ದಾರೆ. ಪ್ರಶ್ನೆಗಳು ಹೆಚ್ಚುವುದು ನಿಜ, ಆದರೆ ಕೇಳುವುದು ಅವರ ಹಕ್ಕು. ‘ಡಿಸ್ಪೋಸ್ಡ್’ ಎಂಬ ಪದ ಕಂಡೊಡನೆ ಪ್ರಕರಣ ಸೋತೆವೆಂದು ಗಾಬರಿಯಾಗುವವರೂ ಇರುವುದರಿಂದ, ಅದರರ್ಥ ಪ್ರಕರಣ ಇತ್ಯರ್ಥವಾಯಿತು ಎಂದಷ್ಟೇ, ಫಲಿತಾಂಶ ತಿಳಿಯಲು ಆದೇಶವನ್ನೇ ಓದಬೇಕು ಎಂದು ಮೊದಲೇ ವಿವರಿಸಿಡುವುದು ಒಳ್ಳೆಯದು.

ಹಣ ಕಟ್ಟಿದರೆ ಅಂತರ್ಜಾಲದ ಹುಡುಕಾಟದಲ್ಲಿ ನನ್ನ ಹೆಸರನ್ನು ಮೇಲೆ ತೋರಿಸುತ್ತೇವೆಂದು ಕರೆ ಮಾಡುವ ಕಂಪನಿಗಳಿಗೆ ನಾನು ಒಪ್ಪಿಲ್ಲ. ಆನ್‌ಲೈನ್ ವೇದಿಕೆಗಳ ಮೂಲಕ ವಕೀಲರು ಕೆಲಸ ಪಡೆಯುವುದರ ವಿರುದ್ಧ ಮದ್ರಾಸ್ ಹೈಕೋರ್ಟ್ 2024ರ ಜುಲೈನಲ್ಲಿ ಕಠಿಣವಾದ ತೀರ್ಪು ನೀಡಿ, ಶಿಸ್ತುಕ್ರಮಕ್ಕೂ ಸೂಚಿಸಿದೆ. ಶುಲ್ಕ ಪಡೆದು ಕಚೇರಿಯ ಕಡತಗಳನ್ನು ತಮ್ಮ ಸರ್ವರಿನಲ್ಲಿ ಇಟ್ಟುಕೊಳ್ಳುವ ತಂತ್ರಾಂಶಗಳ ಬಗ್ಗೆಯೂ ನನಗೆ ಎಚ್ಚರಿಕೆಯಿದೆ, ಏಕೆಂದರೆ ಕಕ್ಷಿದಾರರು ನಂಬಿ ಹೇಳಿದ ಮಾತನ್ನು ಗೋಪ್ಯವಾಗಿಡುವ ಹೊಣೆ ನನ್ನದು. ಇ-ಕೋರ್ಟ್ಸ್ ಆ್ಯಪಿನಲ್ಲಿರುವುದು ನ್ಯಾಯಾಲಯದ ಸಾರ್ವಜನಿಕ ಮಾಹಿತಿಯಾದ್ದರಿಂದ ಆ ಚಿಂತೆ ಇಲ್ಲ.

ಇದರ ಮಿತಿಗಳನ್ನೂ ಅರಿತಿರಬೇಕು. ನ್ಯಾಯಾಲಯದ ಸಿಬ್ಬಂದಿ ನಮೂದಿಸಿದ ಮೇಲಷ್ಟೇ ಮಾಹಿತಿ ಕಾಣುವುದರಿಂದ, ವಾಯಿದೆಯನ್ನು ನ್ಯಾಯಾಲಯದಲ್ಲಿಯೇ ಕೇಳಿ ಡೈರಿಯಲ್ಲಿ ಬರೆದುಕೊಳ್ಳುವ ರೂಢಿಯನ್ನು ನಾನು ಬಿಟ್ಟಿಲ್ಲ. ಇಳಿಸಿಕೊಂಡ ಆದೇಶವು ದೃಢೀಕೃತ ನಕಲಿಗೆ ಬದಲಿಯಾಗುವುದಿಲ್ಲ. ಉಪವಿಭಾಗಾಧಿಕಾರಿ ಮತ್ತು ತಹಶೀಲ್ದಾರರ ಮುಂದಿನ ಕಂದಾಯ ಪ್ರಕರಣಗಳು ಇದರಲ್ಲಿ ಬರುವುದೇ ಇಲ್ಲ. ತಾಲ್ಲೂಕಿನ ವಕೀಲರಿಗೆ ಅಂಥ ಕೆಲಸ ಬಹಳವಿರುವುದರಿಂದ ಇದು ದೊಡ್ಡ ಕೊರತೆ, ಅವುಗಳಿಗೆ ಪ್ರತ್ಯೇಕ ಪುಸ್ತಕ ಇಡಲೇಬೇಕು. ಉಳಿಸಿದ ಪ್ರಕರಣಗಳ ಪಟ್ಟಿ ಇರುವುದು ಫೋನಿನಲ್ಲಿ ಮಾತ್ರ. ಹೀಗಾಗಿ ಆ್ಯಪಿನ ಎಕ್ಸ್‌ಪೋರ್ಟ್ ಸೌಲಭ್ಯದಿಂದ ಅದರ ಕಡತವನ್ನು ಆಗಾಗ ತೆಗೆದು ಬೇರೆಡೆ ಇಟ್ಟುಕೊಂಡರೆ, ಫೋನ್ ಬದಲಾಯಿಸಿದಾಗ ಇಂಪೋರ್ಟ್ ಮಾಡಿ ಅಂದೇ ಕೆಲಸ ಮುಂದುವರಿಸಬಹುದು.