ರಾಣಿಪುರಂ ಹತ್ತೋರಿಗೆ ಜಿಗಣೆ ಸಾಕ್ಸ್
ಕಾಞಂಗಾಡಲ್ಲಿ ತಗೊಂಡದ್ದು, ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ. ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟ ಹತ್ತೋದಾದ್ರೆ ಇದಿಲ್ಲದೆ ಹೋಗ್ಬೇಡಿ ಮಾರ್ರೆ. ಮಾಮೂಲಿ ಸಾಕ್ಸಾದ್ರೆ ಜಿಗಣೆ ನೂಲಿನ ಎಡೆಯಲ್ಲೇ ನುಗ್ತದೆ, ಇದು ಒತ್ತಾಗಿ ನೇಯ್ದ ಬಟ್ಟೆ, ಮೊಣಕಾಲಿನ ಕೆಳಗೆ ಲಾಡಿ ಬಿಗಿದ್ರೆ ಜಿಗಣೆ ಮೇಲೆ ಹತ್ತಿ ಹತ್ತಿ ಗಂಟಿನ ಹತ್ರ ತಲೆ ಅಲ್ಲಾಡಿಸ್ತಾ ನಿಲ್ತದೆ, ಅಲ್ಲೇ ತಟ್ಟಿ ಬಿಡಿ. ಬಿಳಿ ಬಣ್ಣದ್ದೇ ತಗೊಳ್ಳಿ, ಕಪ್ಪಲ್ಲಿ ಕಾಣೋದಿಲ್ಲ. ಲಾಡಿ ಮಾತ್ರ ಅಷ್ಟಕ್ಕಷ್ಟೆ, ಒದ್ದೆಯಾದ್ರೆ ಸಡಿಲ. ಶೋಲಾ ಕಾಡು, ಅಂದ್ರೆ ಬೆಟ್ಟದ ಕಣಿವೆಯ ತಂಪು ಕಾಡು, ದಾಟಿ ಹುಲ್ಲುಗುಡ್ಡೆಗೆ ಬಂದ್ರೆ ಜಿಗಣೆ ಕಮ್ಮಿ, ಆದ್ರೆ ಬಂಡೆ ಜಾರ್ತದೆ, ಅದಕ್ಕೆ ಸಾಕ್ಸ್ ಏನ್ಮಾಡ್ತದೆ, ಶೂಗೆ ಗ್ರಿಪ್ ಬೇಕು. ಬೇಸಗೆಗೆ ಇದು ದಂಡ. ಆಗ ಕುಡಿಯೋ ನೀರು ಜಾಸ್ತಿ ಹೊತ್ಕೊಳ್ಳಿ, ಖಾಲಿ ಬಾಟ್ಲಿ ವಾಪಸ್ ತನ್ನಿ, ಒಣಹುಲ್ಲಿನ ಹತ್ರ ಬೀಡಿ ಗೀಡಿ ಹಚ್ಲೇಬೇಡಿ.