ಎಂಟು ದಿನಗಳ ಮೌನ ಧ್ಯಾನಕೂಟ: ಆರು ವರ್ಷದ ಹೊರೆಯೊಂದನ್ನು ಹೊತ್ತು ಹೋದವನ ವಿಮರ್ಶೆ

ಧ್ಯಾನಕೂಟ ಮುಗಿಸಿ ಬಂದು ಮೂರು ತಿಂಗಳಾದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬಂದ ವಾರದಲ್ಲೇ ಬರೆದಿದ್ದರೆ ಬರೀ ಹೊಗಳಿಕೆಯಾಗಿಬಿಡುತ್ತಿತ್ತು. ಎಂಟು ದಿನ ಮೌನದಲ್ಲಿದ್ದು ಹೊರಬಂದವನಿಗೆ ಎಲ್ಲವೂ ಹಗುರವಾಗಿ ಕಾಣುತ್ತದೆ. ದಿನನಿತ್ಯದ ಗಡಿಬಿಡಿಗೆ ಮರಳಿದ ಮೇಲೆ ಆ ಹಗುರದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ನೋಡಿಯೇ ಬರೆಯಬೇಕೆಂದು ಕಾದೆ.

ನಾನು ಹೊತ್ತು ಹೋದದ್ದು ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತುಗಳಿಗೆ ಅರ್ಥವಿರುವುದಿಲ್ಲ. ನನಗೂ ನನ್ನ ತಂದೆಯವರಿಗೂ ಹನ್ನೊಂದು ತಿಂಗಳು ಮಾತಿರಲಿಲ್ಲ. ಅವರು ಆಸ್ಪತ್ರೆಗೆ ಸೇರಿದ ಸುದ್ದಿ ಬಂದಾಗಲೂ, ಮೊದಲು ಅವರೇ ಒಂದು ಮಾತು ಆಡಲಿ ಎಂಬ ಹಟದಲ್ಲಿ, ನಾಳೆ ಹೋದರಾಯಿತು ಎಂದುಕೊಂಡೆ. ಬೆಳಗಾಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಆಮೇಲಿನ ಆರು ವರ್ಷಗಳಲ್ಲಿ ಆ ತಪ್ಪನ್ನು ಚರ್ಚಿನ ಗುರುಗಳ ಮುಂದೆ ಪಾಪನಿವೇದನೆಯಲ್ಲಿ ಹೇಳಿಕೊಂಡೆ, ಕ್ಷಮೆಯ ಮಾತುಗಳನ್ನು ಕೇಳಿಸಿಕೊಂಡೆ, ಮತ್ತೆ ಅದೇ ಭಾರವನ್ನು ಹೊತ್ತು ಮನೆಗೆ ಬಂದೆ. ಕ್ಷಮೆ ಸಿಕ್ಕಿದೆ ಎಂದು ನಂಬುವುದಕ್ಕೂ, ಆ ಕ್ಷಮೆಯೊಳಗೆ ಬದುಕುವುದಕ್ಕೂ ನಡುವೆ ಇರುವ ಅಂತರದಲ್ಲಿ ನಾನು ಸಿಕ್ಕಿಬಿದ್ದಿದ್ದೆ.

ಈ ಬಗೆಯ ಕೂಟ ಸ್ಪೇನಿನ ಕ್ಯಾಥೊಲಿಕ್ ಸಂತ, ಲೊಯೋಲದ ಇಗ್ನೇಷಿಯಸರ ಸಂಪ್ರದಾಯದಿಂದ ಬಂದದ್ದು. 1521ರಲ್ಲಿ ಪಾಂಪ್ಲೋನದ ಕದನದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದುಕೊಂಡ ಆ ಯೋಧರು, ಹಾಸಿಗೆಯಲ್ಲಿದ್ದ ತಿಂಗಳುಗಳಲ್ಲಿ ತಮ್ಮ ಮನಸ್ಸಿನ ಚಲನೆಗಳನ್ನು ಗಮನಿಸತೊಡಗಿದರು: ಶೌರ್ಯದ ಕನಸುಗಳು ಆ ಕ್ಷಣಕ್ಕೆ ಹಿತವಾಗಿದ್ದು ಆಮೇಲೆ ಒಣಗಿಸಿಬಿಡುತ್ತಿದ್ದವು, ಸಂತರ ಹಾಗೆ ಬಾಳುವ ಆಲೋಚನೆಗಳು ಮಾತ್ರ ಬಹಳ ಹೊತ್ತು ಸಂತೋಷವನ್ನು ಉಳಿಸುತ್ತಿದ್ದವು. ಈ ಗಮನಿಕೆಯೇ ಮುಂದೆ ಒಂದು ಕ್ರಮಬದ್ಧ ಸಾಧನೆಯಾಗಿ ಬೆಳೆದು, 1548ರಲ್ಲಿ ಪೋಪ್ ಮೂರನೇ ಪೌಲರ ಅನುಮೋದನೆ ಪಡೆಯಿತು. ಪೂರ್ಣ ರೂಪದಲ್ಲಿ ಅದಕ್ಕೆ ಸುಮಾರು 30 ದಿನಗಳು ಬೇಕು. ಎಂಟು ದಿನಗಳದ್ದು ಅದರ ಕಿರಿದಾದ ರೂಪ. ದಿನಕ್ಕೆ ನಾಲ್ಕು ಹೊತ್ತು ಒಬ್ಬರೇ ಕುಳಿತು ಮಾಡುವ ಪ್ರಾರ್ಥನೆ, ಒಂದು ಬಲಿಪೂಜೆ (ಚರ್ಚಿನ ‘ಮಾಸ್’), ಮಾರ್ಗದರ್ಶಕರೊಂದಿಗೆ ಮುಕ್ಕಾಲು ಗಂಟೆಯ ಮಾತು, ಮಲಗುವ ಮುನ್ನ ಆ ದಿನದ ಆತ್ಮಶೋಧನೆ. ಉಳಿದ ಹೊತ್ತೆಲ್ಲ ಮೌನ; ಫೋನನ್ನು ಮೊದಲ ದಿನವೇ ಕಚೇರಿಗೆ ಒಪ್ಪಿಸಬೇಕು.

ನನಗೆ ಮಾರ್ಗದರ್ಶಕಿಯಾಗಿ ದೊರೆತವರು ಹಿರಿಯ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಒಬ್ಬರು. ಈ ಕೂಟಕ್ಕೆ ನಾನು ಕೊಡುವ ಮೆಚ್ಚುಗೆಯ ಬಹುಪಾಲು ಅವರಿಗೇ ಸಲ್ಲಬೇಕು. ಮೊದಲ ಭೇಟಿಯಲ್ಲಿ ನಾನು ಆರು ವರ್ಷದ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿ, ಬೈಬಲಿನ ಯಾವ ವಾಕ್ಯದಿಂದ ಪ್ರಾರಂಭಿಸಲಿ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತು?” ಎಂದರು. ಆ ದಿನಕ್ಕೂ ಮರುದಿನಕ್ಕೂ ಅವರು ಕೊಟ್ಟ ಅಭ್ಯಾಸ ಎರಡೇ: ಮಲಗುವುದು, ಎದ್ದಾಗ ಬೈಬಲಿನ ‘ಒಂದನೆಯ ಅರಸುಗಳು’ ಗ್ರಂಥದ 19ನೇ ಅಧ್ಯಾಯವನ್ನು ನಿಧಾನವಾಗಿ ಓದುವುದು. ಸಾಯುವುದೇ ಮೇಲೆಂದು ಅಡವಿಯ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡುವುದಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ ನೀರು ಕೊಡುತ್ತಾನೆ, ಅವನು ತಿಂದು ಮತ್ತೆ ಮಲಗುತ್ತಾನೆ, ದೂತನು ಎರಡನೆಯ ಸಲವೂ ಎಬ್ಬಿಸಿ ತಿನ್ನಿಸುತ್ತಾನೆ. ದೇವರ ಸ್ವರ ಕೇಳುವುದು ಬಹಳ ಆಮೇಲೆ. ಬಾಲ್ಯದಿಂದ ಎಷ್ಟೋ ಸಲ ಓದಿದ್ದ ಈ ಭಾಗದಲ್ಲಿ ನಿದ್ದೆ ಎರಡು ಸಲ ಬರುತ್ತದೆ ಎಂಬುದನ್ನು ನಾನು ಕಂಡದ್ದು ಆಗಲೇ.

ಇದಕ್ಕೆ ಹೊಂದಿಕೊಂಡಂತೆ ಮತ್ತೊಂದು ಮಾತು. ನೋಂದಣಿ ಅರ್ಜಿಯಲ್ಲಿ ಖಿನ್ನತೆಗೋ ಆತಂಕಕ್ಕೋ ಚಿಕಿತ್ಸೆ ಪಡೆಯುತ್ತಿದ್ದೀರಾ ಎಂದು ಕೇಳಿದ್ದರು. ಪಡೆಯುತ್ತಿದ್ದರೆ ವೈದ್ಯರಿಗೆ ತಿಳಿಸಿ ಬರಬೇಕು, ಕೂಟದ ದಿನಗಳಲ್ಲಿ ಔಷಧಿಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು ಎಂದು ಸ್ಪಷ್ಟವಾಗಿ ಬರೆದಿದ್ದರು. ವಿಶ್ವಾಸವಿದ್ದರೆ ಮಾತ್ರೆ ಏಕೆ ಎಂದು ಕೇಳುವ ಪ್ರಾರ್ಥನಾಕೂಟಗಳನ್ನು ಕಂಡು ನೊಂದಿರುವ ನನಗೆ ಆ ಎರಡು ಸಾಲುಗಳೇ ಅರ್ಧ ಧೈರ್ಯ ಕೊಟ್ಟವು.

ಕೂಟದ ತಿರುಳು ನನ್ನ ಪಾಲಿಗೆ ನಾಲ್ಕನೆಯ ದಿನ ತೆರೆದುಕೊಂಡಿತು. ಆ ದಿನದ ಧ್ಯಾನಕ್ಕೆ ಸಿಸ್ಟರ್ ಯೋಹಾನನ ಸುವಾರ್ತೆಯಿಂದ ಎರಡು ಭಾಗಗಳನ್ನು ಕೊಟ್ಟರು: ಶಿಷ್ಯನಾದ ಪೇತ್ರನು ಯೇಸುವನ್ನು ಅರಿಯೆನೆಂದು ಹೇಳಿದ 18ನೇ ಅಧ್ಯಾಯದ ಭಾಗ, ಮತ್ತು ಪುನರುತ್ಥಾನದ ನಂತರ ಸಮುದ್ರತೀರದಲ್ಲಿ ನಡೆಯುವ 21ನೇ ಅಧ್ಯಾಯ. ಎರಡರಲ್ಲೂ ಇರುವ ಒಂದು ವಸ್ತುವನ್ನು ಹುಡುಕಿಕೊಂಡು ಬನ್ನಿ ಎಂದಷ್ಟೇ ಹೇಳಿದರು. ಮೂರು ಹೊತ್ತು ಹುಡುಕಿದೆ, ಸಿಗಲಿಲ್ಲ. ಸಂಜೆ ಅವರೇ ತೋರಿಸಿದರು: ಇದ್ದಲಿನ ಬೆಂಕಿ. ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತ ಪೇತ್ರನು ತನ್ನ ಗುರುವನ್ನು ನಿರಾಕರಿಸಿದ್ದು ಇದ್ದಲಿನ ಬೆಂಕಿಯ ಬಳಿ. ದಡದಲ್ಲಿ ಯೇಸು ಅವನಿಗಾಗಿ ಹೊತ್ತಿಸಿಟ್ಟಿದ್ದೂ ಇದ್ದಲಿನ ಬೆಂಕಿಯೇ. ಮೂಲ ಗ್ರೀಕ್ ಭಾಷೆಯಲ್ಲಿ ಇದಕ್ಕಿರುವ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಅಲ್ಲಿ ಮೂರು ಸಲ ನಿರಾಕರಣೆ, ಇಲ್ಲಿ ಮೂರು ಸಲ ಪ್ರಶ್ನೆ. ಆ ಪ್ರಶ್ನೆಯಾದರೂ, ಹಾಗೇಕೆ ಮಾಡಿದೆ ಎಂದಲ್ಲ. ನೀನು ನನ್ನನ್ನು ಪ್ರೀತಿಸುತ್ತೀಯಾ ಎಂದು.

ಆ ರಾತ್ರಿ ಪ್ರಾರ್ಥನಾಮಂದಿರದಲ್ಲಿ ಕುಳಿತಾಗ ಒಂದು ವಿಷಯ ಮನಸ್ಸಿಗೆ ನಾಟಿತು. ಆರು ವರ್ಷ ನಾನು ದೇವರನ್ನು ಬೇಡಿಕೊಂಡದ್ದು ತಂದೆಯವರು ತೀರಿಕೊಂಡ ರಾತ್ರಿಯ ನೆನಪನ್ನು ಅಳಿಸಿಬಿಡು ಎಂದು. ಆದರೆ ಕ್ರಿಸ್ತನು ಪೇತ್ರನ ನೆನಪನ್ನು ಅಳಿಸಲಿಲ್ಲ; ಅದೇ ಹೊಗೆಯ ವಾಸನೆಯ ನಡುವೆ ಅವನನ್ನು ಮತ್ತೆ ಕೂರಿಸಿ, ಊಟ ಬಡಿಸಿ, ಆಮೇಲೆ ಮಾತಿಗಿಳಿದನು. ನಾನು ಕೇಳುತ್ತಿದ್ದದ್ದು ಮರೆವು, ಅಲ್ಲಿ ಸಿಗುತ್ತಿದ್ದದ್ದು ಜೊತೆ. ಮೊದಲ ಬಾರಿಗೆ ಆ ಆಸ್ಪತ್ರೆಯ ರಾತ್ರಿಯನ್ನು ಮೊದಲಿನಿಂದ ಕೊನೆಯವರೆಗೆ, ಒಬ್ಬನೇ ಅಲ್ಲದೆ, ನೆನೆದೆ. ಅತ್ತೆ.

ಮರುದಿನ ಬೆಳಿಗ್ಗೆ ಕೂಟಕ್ಕೆ ಬಂದಿದ್ದ ವೃದ್ಧ ಗುರುಗಳ ಬಳಿ ಪಾಪನಿವೇದನೆಗೆ ಹೋದೆ. ಎಲ್ಲವನ್ನೂ ಕೇಳಿ ಅವರು, “ಇದನ್ನು ಈ ಮೊದಲು ನಿವೇದಿಸಿದ್ದೀರಾ?” ಎಂದರು. “ಏಳೆಂಟು ಸಲ, ಫಾದರ್” ಎಂದೆ. ಆಗ ಅವರು ಇಗ್ನೇಷಿಯಸರ ಬದುಕಿನದೇ ಒಂದು ಘಟನೆಯನ್ನು ಹೇಳಿದರು. ಸ್ಪೇನಿನ ಮನ್ರೇಸ ಊರಿನಲ್ಲಿದ್ದಾಗ ಇಗ್ನೇಷಿಯಸರು ಹಳೆಯ ಪಾಪಗಳನ್ನೇ ಮತ್ತೆಮತ್ತೆ ನಿವೇದಿಸಿಯೂ ಶಾಂತಿ ಸಿಗದೆ, ಜೀವ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರಂತೆ. ಕೊನೆಗೆ, ಕಳೆದುಹೋದ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ನಿಶ್ಚಯಿಸಿದ ದಿನ ಆ ಕಾಟದಿಂದ ಬಿಡುಗಡೆ ಹೊಂದಿದರು. “ಇದು ಕೊನೆಯ ಸಲವಾಗಲಿ” ಎಂದು ಹೇಳಿ, ತಂದೆಯವರಿಂದ ಪಡೆದ ಒಂದೊಂದು ಒಳಿತನ್ನು ಏಳು ರಾತ್ರಿ ನೆನೆದು ದೇವರಿಗೆ ವಂದಿಸುವುದನ್ನು ಪ್ರಾಯಶ್ಚಿತ್ತವಾಗಿ ಕೊಟ್ಟರು. ಮೊದಲ ರಾತ್ರಿ ಬಹಳ ಹೊತ್ತು ಏನೂ ಹೊಳೆಯಲಿಲ್ಲ. ಆಮೇಲೆ, ನನ್ನ ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ ತಂದೆಯವರು ಹಳೆಯ ಬ್ಲೇಡಿನಿಂದ ನನ್ನ ಪೆನ್ಸಿಲುಗಳನ್ನು ಒಂದೊಂದಾಗಿ ಹೆರೆದು, ಮೊನೆಯನ್ನು ಬೆರಳಿಗೆ ಒತ್ತಿ ನೋಡಿ, ಸಾಲಾಗಿ ಜೋಡಿಸಿಡುತ್ತಿದ್ದದ್ದು ನೆನಪಾಯಿತು.

ಇನ್ನು ಒಪ್ಪಿಗೆಯಾಗದ ಸಂಗತಿ. ಆರನೆಯ ಸಂಜೆ, ವೇಳಾಪಟ್ಟಿಯಲ್ಲಿ ಮೊದಲು ಇಲ್ಲದಿದ್ದ ‘ಒಳಗಾಯಗಳ ಸೌಖ್ಯದ ಪ್ರಾರ್ಥನೆ’ಯನ್ನು ಹೊರಗಿನಿಂದ ಬಂದ ಬೋಧಕರೊಬ್ಬರು ನಡೆಸಿದರು. ಧ್ವನಿವರ್ಧಕ, ಏರುದನಿಯ ಹಾಡು, ಅದರ ನಡುವೆ, “ನಿಮಗೆ ನೋವು ಮಾಡಿದವರನ್ನು ಈ ಕ್ಷಣವೇ ಕ್ಷಮಿಸಿ ಕೈ ಎತ್ತಿರಿ” ಎಂಬ ಕರೆ. ಐದು ದಿನ ಕಾಪಾಡಿದ್ದ ಮೌನ ಒಡೆದುಹೋದದ್ದು ಹಾಗಿರಲಿ. ಮನೆಯೊಳಗೇ ಹಿಂಸೆ ಅನುಭವಿಸಿ ಬಂದವರು ಆ ಸಭೆಯಲ್ಲಿದ್ದರೆ ಅವರ ಮೇಲೆ ಆ ಕರೆ ಮತ್ತೊಂದು ಹೊರೆಯನ್ನು ಹೇರಿದಂತೆಯೇ. ಕ್ಷಮಿಸುವುದು ದೇವರ ಆಜ್ಞೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ಅದು ಗಡಿಯಾರ ನೋಡಿ ಆಗುವಂಥದ್ದಲ್ಲ. ಪ್ರಲಾಪಕ್ಕೂ ದೇವರ ಮುಂದೆ ಸ್ಥಳವಿದೆ: ಬೈಬಲಿನ 13ನೇ ಕೀರ್ತನೆ ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತದೆ, 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಕೀರ್ತನಕಾರನಿಗೆ ದೇವರು ಕೊಟ್ಟ ಸಮಯವನ್ನು ನೊಂದವರಿಗೆ ನಾವೂ ಕೊಡಬೇಕಲ್ಲವೇ? ಈ ಆಕ್ಷೇಪವನ್ನು ನಿರ್ದೇಶಕರಿಗೆ ಬರೆದು ಕೊಟ್ಟಿದ್ದೇನೆ, ಅವರು ತಾಳ್ಮೆಯಿಂದ ಓದಿದರು.

ಕೋಣೆ ಸಣ್ಣದಾದರೂ ಚೊಕ್ಕಟವಾಗಿತ್ತು. ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳು ಕಡಿಮೆ.

ಹಿಂದೆಂದೂ ಮೌನದಲ್ಲಿ ಇದ್ದು ನೋಡದವರು ನೇರವಾಗಿ ಎಂಟು ದಿನಕ್ಕೆ ಹೋಗುವುದಕ್ಕಿಂತ ಎರಡು ಮೂರು ದಿನಗಳದ್ದನ್ನು ಮೊದಲು ಮಾಡುವುದು ಲೇಸು. ಕೆಲಸ ಬಿಟ್ಟು ಬರಲಾಗದವರಿಗೆ, ಮನೆಯಲ್ಲೇ ಇದ್ದು ದಿನಕ್ಕೆ ಒಂದು ಒಂದೂವರೆ ಗಂಟೆ ಪ್ರಾರ್ಥಿಸುತ್ತ, ಆಗಾಗ ಮಾರ್ಗದರ್ಶಕರನ್ನು ಕಾಣುತ್ತ, ಇದೇ ಸಾಧನೆಯನ್ನು ಹಲವು ತಿಂಗಳು ನಡೆಸುವ ವ್ಯವಸ್ಥೆಯನ್ನೂ ಇಗ್ನೇಷಿಯಸರೇ ಮಾಡಿದ್ದಾರೆ; ಆ ಬಗ್ಗೆ ವಿಚಾರಿಸಬಹುದು. ಪ್ರೊಟೆಸ್ಟೆಂಟ್ ಸಭೆಗಳಿಂದಲೂ ಇಬ್ಬರು ಬಂದಿದ್ದರು, ಅವರನ್ನು ಯಾರೂ ಬೇರೆಯವರಂತೆ ಕಾಣಲಿಲ್ಲ. ತೀರಾ ಇತ್ತೀಚೆಗೆ ಸಾವಿನ ಆಘಾತಕ್ಕೆ ಒಳಗಾದವರಿಗೆ ಮಾತ್ರ ಇಷ್ಟು ದೀರ್ಘ ಮೌನವನ್ನು ನಾನು ಸೂಚಿಸಲಾರೆ. ಅವರಿಗೆ ಸದ್ಯ ಬೇಕಾದದ್ದು ಜನರ ಆಸರೆ.

ದೊಡ್ಡ ಕೊರತೆ ಎಂದರೆ, ಕೂಟ ಮುಗಿದ ಮೇಲೆ ಕೇಂದ್ರದಿಂದ ಯಾವ ವಿಚಾರಣೆಯೂ ಇಲ್ಲದಿರುವುದು. ಮನಸ್ಸಿನ ಆಳವನ್ನು ತೆರೆದವರನ್ನು ಬಾಗಿಲವರೆಗೆ ಬಂದು ಬೀಳ್ಕೊಟ್ಟರೆ ಸಾಲದು. ಮೊದಲ ಕೆಲವು ತಿಂಗಳಾದರೂ ಮಾರ್ಗದರ್ಶಕರೊಂದಿಗೆ ಒಂದೊಂದು ಭೇಟಿಗೆ ಏರ್ಪಾಡಿರಬೇಕು. ನಾನು ಮೂರನೆಯ ವಾರದಲ್ಲಿ ಮತ್ತೆ ಕುಸಿದಾಗ ನೆರವಾದದ್ದು ರಾತ್ರಿಯ ಆತ್ಮಶೋಧನೆಯ ಅಭ್ಯಾಸ ಮತ್ತು, ಮನಸ್ಸು ಒಣಗಿದ ಕಾಲದಲ್ಲಿ ಹಿಂದಿನ ನಿಶ್ಚಯಗಳನ್ನು ಬದಲಿಸಬೇಡಿ ಎಂದು ಸಿಸ್ಟರ್ ಬರೆಸಿದ್ದ ಇಗ್ನೇಷಿಯಸರ ನಿಯಮ.

ಈಗ ತಪ್ಪಿತಸ್ಥ ಭಾವ ಬಹಳ ಮಟ್ಟಿಗೆ ಇಳಿದಿದೆ; ಪಾಪನಿವೇದನೆಯಲ್ಲಿ ಆ ವಿಷಯವನ್ನು ಮತ್ತೆ ಎತ್ತಿಲ್ಲ. ಅದು ಇಳಿದ ಮೇಲೆ ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ಕಾಣಿಸಿದೆ: ತಂದೆಯವರೂ ನನಗೆ ಅನ್ಯಾಯ ಮಾಡಿದ್ದರು, ಅದಕ್ಕಾಗಿ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ. ಬರುವ ವರ್ಷದ ಕೂಟಕ್ಕೆ ಹೆಸರು ನೋಂದಾಯಿಸಿ, ಅದೇ ಸಿಸ್ಟರ್ ಮಾರ್ಗದರ್ಶಕಿಯಾಗಿ ದೊರೆಯಲಿ ಎಂದು ಅರ್ಜಿಯಲ್ಲಿ ಕೇಳಿಕೊಂಡಿದ್ದೇನೆ.